ಮೃದು ಪೇಂಟ್: ಪಾಲಿಶ್ ಆದ ಮೇಲೂ ಸಣ್ಣ ಗೆರೆ ಉಳಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ:
ನನ್ನದು ಕಪ್ಪು ಕಾರು. ಪೇಂಟ್ ಎಷ್ಟು ಮೃದು ಅಂದರೆ ಒಣ ಬಟ್ಟೆಯಲ್ಲಿ ಒಂದು ಸಲ ಧೂಳು ಒರೆಸಿದರೂ ಗೆರೆ ಬೀಳುತ್ತದೆ. ಹೋದ ವಾರ ಡಿಎ ಪಾಲಿಶರ್ (ಪ್ಯಾಡ್ ತಿರುಗುತ್ತಲೇ ಅಲುಗಾಡುವ ಡ್ಯುಯಲ್ ಆಕ್ಷನ್ ಮಷೀನ್) ಹಿಡಿದು ಬಾನೆಟ್ ಪಾಲಿಶ್ ಮಾಡಿದೆ. ಮೊದಲು ಮೈಕ್ರೋಫೈಬರ್ ಪ್ಯಾಡ್‌ನಲ್ಲಿ ಕಂಪೌಂಡ್ (ಗೀರು ಸವೆಸುವ ಒರಟು ಪಾಲಿಶ್), ಆಮೇಲೆ ಮೆತ್ತನೆಯ ಫೋಮ್ ಪ್ಯಾಡ್‌ನಲ್ಲಿ ಫಿನಿಶಿಂಗ್ ಪಾಲಿಶ್. ಹಳೆಯ ಗೀರುಗಳೆಲ್ಲ ಹೋದವು. ನೆರಳಲ್ಲಿ ಕನ್ನಡಿ ಥರ ಇದೆ, ಬಿಸಿಲಿಗೆ ತಂದರೆ ಮಾತ್ರ ತೆಳು ಮಬ್ಬು, ಮೇಲೆ ಕೂದಲೆಳೆಯಂಥ ಗೆರೆಗಳು. ಇನ್ನಷ್ಟು ಒತ್ತಿ ಉಜ್ಜಬೇಕಾ? ಬಣ್ಣದ ಮೇಲಿನ ಪಾರದರ್ಶಕ ಪದರ, ಅಂದರೆ ಕ್ಲಿಯರ್ ಕೋಟ್ ಸವೆದುಹೋದರೆ ಅನ್ನುವ ಭಯವೂ ಇದೆ.

ಉತ್ತರ 1:
ದಯವಿಟ್ಟು ಒತ್ತಬೇಡಿ. ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್ ಅಷ್ಟೇ ಇರುತ್ತದೆ, ನಿಮ್ಮ ಭಯ ಸರಿಯಾಗಿಯೇ ಇದೆ. ಮೊದಲು ಟಾರ್ಚ್ ಹಿಡಿದು ಗೆರೆಯ ಆಕಾರ ನೋಡಿ. ಎಲ್ಲ ಕಡೆ ಒಂದೇ ಸಮ ಹರಡಿದ ಪುಟ್ಟ ಪುಟ್ಟ ಬಾಗಿದ ಗುರುತಾದರೆ ಅದು ಪ್ಯಾಡ್ ಮಾಡಿದ್ದು. ನಿಮ್ಮ ಕೈ ಓಡಾಡಿದ ದಿಕ್ಕಿನಲ್ಲೇ ಉದ್ದಕ್ಕೆ ಇದ್ದರೆ ಒರೆಸಿದ ಬಟ್ಟೆಯದ್ದು. ನಿಮಗೆ ಎರಡೂ ಆಗಿರುವ ಹಾಗಿದೆ.

ಮೈಕ್ರೋಫೈಬರ್ ಪ್ಯಾಡ್ ಮೃದು ಪೇಂಟ್‌ಗೆ ಬೇಕಾಗೇ ಇರಲಿಲ್ಲ ಅಂತ ನನಗನಿಸುತ್ತದೆ. ಅದರ ಎಳೆಗಳೇ ಮಬ್ಬು ಬಿಡುತ್ತವೆ, ಆಮೇಲೆ ಫಿನಿಶಿಂಗ್ ಪಾಲಿಶ್‌ಗೆ ಆ ಮಬ್ಬನ್ನೆಲ್ಲ ತೆಗೆಯುವ ಶಕ್ತಿ ಇರುವುದಿಲ್ಲ. ಮೃದು ಪೇಂಟ್‌ನಲ್ಲಿ ಗೀರು ಬೇಗ ಬೀಳುವ ಹಾಗೆ ಬೇಗ ಹೋಗುತ್ತದೆ ಕೂಡ, ಹಾಗಾಗಿ ಫೋಮ್ ಪ್ಯಾಡ್, ನುಣುಪು ಪಾಲಿಶ್ ಇಷ್ಟರಲ್ಲೇ ಶುರು ಮಾಡಿ. ಒಂದೂವರೆ ಅಡಿ ಚೌಕದ ಜಾಗ ಮಾತ್ರ ತೆಗೆದುಕೊಳ್ಳಿ. ಮೊದಲ ಎರಡು ಸುತ್ತು ಸ್ವಲ್ಪ ಭಾರ ಹಾಕಿ, ಕೊನೆಯ ಎರಡು ಸುತ್ತಿಗೆ ಸ್ಪೀಡ್ ಇಳಿಸಿ ಮಷೀನ್ ತನ್ನ ತೂಕದಲ್ಲೇ ನಿಧಾನವಾಗಿ ಸಾಗಲಿ. ಪ್ರತಿ ಜಾಗ ಮುಗಿದ ಮೇಲೂ ಪ್ಯಾಡ್ ಬ್ರಷ್ ಮಾಡಿ. ಸವೆದ ಪೇಂಟ್ ಪುಡಿ ಪಾಲಿಶ್ ಜೊತೆ ಸೇರಿ ಗಂಟು ಕಟ್ಟುತ್ತದೆ, ಮತ್ತೆ ಗೀರು ಬೀಳುವುದಕ್ಕೆ ಅಷ್ಟು ಸಾಕು.

ಉತ್ತರ 2:
ಮೇಲಿನವರು ಹೇಳಿದ್ದು ಸರಿ. ಆದರೆ ನಾನು ಬಟ್ಟೆಯನ್ನೇ ಮೊದಲು ಹಿಡಿಯುತ್ತೇನೆ, ಯಾಕೆಂದರೆ ನಾನೇ ತಿಂಗಳುಗಟ್ಟಲೆ ಪಾಲಿಶ್ ಬದಲಾಯಿಸಿ ಬದಲಾಯಿಸಿ ಸುಮ್ನೆ ಒದ್ದಾಡಿದ್ದೆ, ತಪ್ಪು ಇದ್ದದ್ದು ಟವೆಲ್‌ನಲ್ಲಿ. ಚೆನ್ನಾಗಿ ಬಂದಿರುವ ಒಂದು ಜಾಗ ಹುಡುಕಿ, ಪಾಲಿಶ್ ಏನೂ ಹಾಕದೆ ಆ ಟವೆಲ್‌ನಲ್ಲಿ ನಾಲ್ಕು ಸಲ ಒರೆಸಿ ನೋಡಿ. ಗೆರೆ ಬಿತ್ತಾ, ಉತ್ತರ ಸಿಕ್ಕಿತು ಅಲ್ವಾ?

ಅಂಚಿಗೆ ಹೊಲಿಗೆ ಇಲ್ಲದ, ಉದ್ದ ಎಳೆಯ, ದಪ್ಪ ಮೈಕ್ರೋಫೈಬರ್ ಬಟ್ಟೆ ಬೇಕು. ಲೇಬಲ್ ಇದ್ದರೆ ಕತ್ತರಿಸಿ. ಬೇರೆ ಬಟ್ಟೆಗಳ ಜೊತೆ ಒಗೆಯಬೇಡಿ, ಸಾಫ್ಟ್‌ನರ್ ಹಾಕಬೇಡಿ. ಪಾಲಿಶ್ ಪೂರ್ತಿ ಒಣಗುವ ತನಕ ಬಿಡದೆ, ಅಂಟಿಕೊಂಡಿದ್ದರೆ ಕ್ವಿಕ್ ಡೀಟೇಲರ್ (ಒರೆಸುವಾಗ ಜಾರಿಕೆ ಕೊಡುವ ಸ್ಪ್ರೇ) ಒಂದೆರಡು ಸಲ ಚಿಮುಕಿಸಿ ಒರೆಸಿ.

ಪ್ರಶ್ನೆ ಕೇಳಿದವರು:
ಟವೆಲ್ ಪರೀಕ್ಷೆ ಈಗಷ್ಟೇ ಮಾಡಿದೆ. ನಾಲ್ಕು ಸಲ ಬೇಕಾಗಲಿಲ್ಲ, ಎರಡನೆಯ ಸಲಕ್ಕೇ ಗೆರೆ ಬಿತ್ತು! ಇನ್ನೊಂದು ಕೇಳಬೇಕು. ಪಾಲಿಶ್‌ನ ಎಣ್ಣೆ ತೆಗೆಯಲು ಆಲ್ಕೋಹಾಲ್‌ನಲ್ಲಿ ಒರೆಸುತ್ತಿದ್ದೆ, ಅದೂ ತಪ್ಪಾ?

ಉತ್ತರ 1:
ತಪ್ಪಲ್ಲ, ಎಣ್ಣೆ ಹೋಗದೆ ನಿಜವಾದ ಫಿನಿಶ್ ಕಾಣುವುದಿಲ್ಲ. ಆದರೆ ನೀರು ಬೆರೆಸದ ಆಲ್ಕೋಹಾಲ್ ಮೃದು ಪೇಂಟ್‌ಗೆ ಜಾಸ್ತಿ ಆಗುತ್ತದೆ, ಬೇಗ ಆರಿಹೋಗಿ ಬಟ್ಟೆ ಒಣ ಮೈ ಮೇಲೆ ಎಳೆಯುತ್ತದೆ. ಹತ್ತು ಪಾಲಿನಲ್ಲಿ ಒಂದು ಪಾಲು ಆಲ್ಕೋಹಾಲ್, ಉಳಿದದ್ದು ನೀರು ಇರಲಿ. ಚೆನ್ನಾಗಿ ಒದ್ದೆ ಮಾಡಿ, ಬಟ್ಟೆಯನ್ನು ಒತ್ತದೆ ಒಂದೇ ದಿಕ್ಕಿಗೆ ಜಾರಿಸಿ. ಹೊಸ ಟವೆಲ್ ಬರುವ ತನಕ ಬಾನೆಟ್ ಮುಟ್ಟಬೇಡಿ. ಬಂದ ಮೇಲೆ ಒಂದು ಮೂಲೆಯಲ್ಲಿ ಮಾತ್ರ ಮಾಡಿ, ಬಿಸಿಲಲ್ಲಿ ನೋಡಿ ಇಲ್ಲೇ ಹೇಳಿ.