ಮಾವನ ಟ್ರಂಕಿನಲ್ಲಿ ಅಮೆಬಿಕ್ಸ್, ಗಾಡ್‌ಫ್ಲೆಶ್, ಡೂಮ್ ಎಲ್‌ಪಿ ರೆಕಾರ್ಡುಗಳು: ಯಾವುದರಿಂದ ಕೇಳಲು ಶುರು ಮಾಡಲಿ?

ಡೊಂಬಿವಲಿ ಸುಧೀರ

ನಮಸ್ಕಾರ. ನನ್ನ ಸೋದರಮಾವ ಹೋದ ವರ್ಷ ತೀರಿಕೊಂಡರು. ಊರು ಕುಂದಾಪುರದ ಹತ್ತಿರ, ಸಂಸಾರ ಎಲ್ಲ ಕಲ್ಯಾಣದಲ್ಲಿ. 1984ರಿಂದ 12 ವರ್ಷ ಸರಕು ಹಡಗಿನ ಎಂಜಿನ್ ರೂಮಿನಲ್ಲಿ ಆಯ್ಲರ್, ಅಂದರೆ ಎಂಜಿನ್ನಿಗೆ ಎಣ್ಣೆ ಹಾಕಿ ನೋಡಿಕೊಳ್ಳುವವರು, ಆಗಿದ್ದರು. ಮಾತು ತುಂಬಾ ಕಡಿಮೆ. ರಜೆಗೆ ಬಂದಾಗ ಸಂಜೆ ಹೆಡ್‌ಫೋನ್ ಹಾಕಿಕೊಂಡು ಕಿಟಕಿ ಹತ್ತಿರ ಕೂತಿರುತ್ತಿದ್ದರು. ಏನು ಕೇಳುತ್ತಿದ್ದಾರೆ ಅಂತ ನಾವು ಯಾರೂ ವಿಚಾರಿಸಲಿಲ್ಲ.

ಈ ಜುಲೈನಲ್ಲಿ ಅತ್ತೆ ಮನೆ ಖಾಲಿ ಮಾಡುವಾಗ ಮಂಚದ ಕೆಳಗೆ ಒಂದು ಟ್ರಂಕು ಸಿಕ್ಕಿತು. ಹಳೆ ಹಿಂದಿ ಹಾಡು ಇರಬಹುದು ಅಂದುಕೊಂಡೆ. ತೆಗೆದು ನೋಡಿದರೆ 31 ಎಲ್‌ಪಿ. ಅಮೆಬಿಕ್ಸ್ ಅನ್ನುವ ಬ್ಯಾಂಡಿನದು ಎರಡು, 'ಅರೈಸ್!' ಮತ್ತು 'ಮೊನೊಲಿತ್'. ಗಾಡ್‌ಫ್ಲೆಶ್ 'ಸ್ಟ್ರೀಟ್‌ಕ್ಲೀನರ್', ಡೂಮ್ 'ವಾರ್ ಕ್ರೈಮ್ಸ್', ಆಕ್ಸ್‌ಗ್ರೈಂಡರ್, ಪಿಚ್‌ಶಿಫ್ಟರ್ 'ಇಂಡಸ್ಟ್ರಿಯಲ್', ಆಪ್ಟಿಮಮ್ ವೂಂಡ್ ಪ್ರೊಫೈಲ್. ಇವೆಲ್ಲ ನನಗೆ ಗೊತ್ತಿಲ್ಲದ ಹೆಸರು. ಒಳಗಿನ ಕಾಗದದ ಕವರ್ ಮೇಲೆ ಮಾವ ಪೆನ್ಸಿಲ್‌ನಲ್ಲಿ ಕನ್ನಡದಲ್ಲಿ ಬರೆದಿದ್ದಾರೆ: 'ಟಿಲ್ಬರಿ, ಮಾರ್ಚ್ 90', 'ಲಿವರ್‌ಪೂಲ್, ಮಳೆ'. ಹಾಗೆ ಇಂಗ್ಲೆಂಡಿನ ಬಂದರುಗಳ ಹೆಸರು.

ಅರ್ಧಕ್ಕರ್ಧ ಬೂಷ್ಟು ಹಿಡಿದಿವೆ. ಹಳೆ ರೆಕಾರ್ಡು ಕೊಳ್ಳುವವರೊಬ್ಬರು ಬಂದು ಎಲ್ಲಕ್ಕೂ ಸೇರಿ 8,000 ರೂಪಾಯಿ ಕೊಡುತ್ತೇನೆ ಅಂದರು. ಅತ್ತೆ ತೀರ್ಮಾನ ನನಗೇ ಬಿಟ್ಟಿದ್ದಾರೆ. ಮಾರುವ ಮುಂಚೆ ಒಂದು ಸಲ ಕೇಳಬೇಕು ಅನಿಸಿದೆ. ಯಾವುದರಿಂದ ಶುರು ಮಾಡಲಿ? ಬೂಷ್ಟು ಹೇಗೆ ತೆಗೆಯಲಿ? ಮಾವನಂಥ ಮೆದು ಮನುಷ್ಯ ಇದನ್ನು ಯಾಕೆ ಕೇಳುತ್ತಿದ್ದರು ಅನ್ನುವುದೂ ತಲೆಯಲ್ಲಿ ಕೂತುಬಿಟ್ಟಿದೆ.

ಮಾಟುಂಗಾ ಪ್ರಸಾದ್

ಸುಧೀರ್ ಅವರೇ, ದಯವಿಟ್ಟು ಮಾರಬೇಡಿ. ಎಂಟು ಸಾವಿರಕ್ಕಂತೂ ಖಂಡಿತ ಬೇಡ. ನಾನು 1993ರಿಂದ ಇದೇ ಹುಚ್ಚಿನಲ್ಲಿ ಇದ್ದೇನೆ. ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಎಷ್ಟು ಶುಕ್ರವಾರ ಮಂಡಿಯೂರಿ ಕೂತು ರೆಕಾರ್ಡು ತಿರುವಿದ್ದೇನೋ ಲೆಕ್ಕವಿಲ್ಲ. ಅಮೆಬಿಕ್ಸ್ ಎಲ್‌ಪಿ ಒಂದು ಸಲವೂ ಕೈಗೆ ಸಿಗಲಿಲ್ಲ. ಟೇಪಿನಿಂದ ಟೇಪಿಗೆ ಇಳಿಸಿದ್ದನ್ನು, ಹಿಸ್ಸ್ ಅನ್ನುವ ಸದ್ದಿನ ಸಮೇತ ಕೇಳಿದವನು ನಾನು. ನಿಮ್ಮ ಮಾವ ಅದನ್ನು ಹಡಗಿನಲ್ಲಿ ಹೊತ್ತು ತಂದು ಕಲ್ಯಾಣದಲ್ಲಿ ಇಟ್ಟಿದ್ದರು ಅಂದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಮೊದಲು ಬೂಷ್ಟು. ಮೂಗಿಗೆ ಬಟ್ಟೆ ಕಟ್ಟಿಕೊಂಡು ಬಾಲ್ಕನಿಯಲ್ಲಿ ಕೂತು ಮೆತ್ತನೆ ಬ್ರಷ್‌ನಿಂದ ಒಣ ಬೂಷ್ಟು ಝಾಡಿಸಿ. ಆಮೇಲೆ ಡಿಸ್ಟಿಲ್ಡ್ ವಾಟರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದೇ ಒಂದು ಹನಿ ಹಾಕಿ, ಮೈಕ್ರೋಫೈಬರ್ ಬಟ್ಟೆಯಿಂದ ಗೆರೆ ಹೋದ ಕಡೆಗೇ ಸುತ್ತು ಸುತ್ತಾಗಿ ಒರೆಸಿ. ಅಡ್ಡ ಒರೆಸಬೇಡಿ. ನಡುವಿನ ಲೇಬಲ್‌ಗೆ ನೀರು ತಾಗಬಾರದು. ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಂದು ಸಲ ಒರೆಸಿ, ನಿಲ್ಲಿಸಿ ಒಣಗಿಸಿ. ಬಿಸಿಲಿಗೆ ಇಟ್ಟರೆ ಪ್ಲೇಟು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ಟ್ರಂಕಿನಲ್ಲಿ ಹಳೆ 78 ಆರ್‌ಪಿಎಂ ಪ್ಲೇಟು ಇದ್ದರೆ ಅದಕ್ಕೆ ಸ್ಪಿರಿಟ್ ಮುಟ್ಟಿಸಬೇಡಿ. ಅದು ಅರಗಿನಿಂದ ಮಾಡಿದ್ದು, ಕರಗುತ್ತದೆ.

ಒಳಗಿನ ಕವರ್ ಎಸೆಯಬೇಡಿ! ಹೊಸ ಪ್ಲಾಸ್ಟಿಕ್ ಕವರಿನಲ್ಲಿ ಪ್ಲೇಟು ಹಾಕಿ, ಮಾವ ಬರೆದ ಕಾಗದವನ್ನು ಒಣಗಿಸಿ ಬೇರೆ ಫೈಲಿನಲ್ಲಿ ಇಡಿ. 'ಲಿವರ್‌ಪೂಲ್, ಮಳೆ' ಅಂತ ಬರೆದ ಕಾಗದ ಪ್ರಪಂಚದಲ್ಲಿ ಇನ್ನೊಂದು ಇಲ್ಲ.

ಅಸಲಿಯೋ ನಕಲಿಯೋ ನೋಡಬೇಕಾದರೆ, ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಒಂದು ನುಣುಪು ಜಾಗ ಇರುತ್ತದೆ. ಟ್ಯೂಬ್‌ಲೈಟ್ ಕೆಳಗೆ ಪ್ಲೇಟನ್ನು ಓರೆ ಮಾಡಿ ಹಿಡಿಯಿರಿ. ಕೂದಲೆಳೆಯಷ್ಟು ಸಣ್ಣ ಗೀಚು ಕಾಣುತ್ತದೆ. 'ಅರೈಸ್!'ನಲ್ಲಿ ವೈರಸ್ 46, 'ಸ್ಟ್ರೀಟ್‌ಕ್ಲೀನರ್'ನಲ್ಲಿ ಮಾಶ್ 15 ಅನ್ನುವ ನಂಬರ್ ಹುಡುಕಿ. ಅವು ಆಲ್ಟರ್ನೇಟಿವ್ ಟೆಂಟಕಲ್ಸ್ ಮತ್ತು ಇಯರೇಕ್ ಕಂಪನಿಗಳು ಕೊಟ್ಟ ನಂಬರ್. ನಂಬರ್ ಇದ್ದ ಮಾತ್ರಕ್ಕೆ ಎಲ್ಲ ಮುಗಿಯುವುದಿಲ್ಲ, ಆದರೆ ಮಾವ ಬರೆದ ತಾರೀಖು ಜೊತೆಗಿದೆ ಅಲ್ವಾ? ಅದಕ್ಕಿಂತ ಸಾಕ್ಷಿ ಬೇಕಾ?

ಈಗ ಕೇಳುವ ವಿಚಾರ. ನಿಮ್ಮ ಪೆಟ್ಟಿಗೆಯಲ್ಲಿ ಎರಡು ಕುಲದ ರೆಕಾರ್ಡು ಇವೆ. ಒಂದು ಕ್ರಸ್ಟ್ ಪಂಕ್, ಅಂದರೆ ಸಿಟ್ಟಿನ ಪಂಕ್ ರಾಕ್‌ಗೆ ಮೆಟಲ್‌ನ ಭಾರ ಸೇರಿದ್ದು. ಇನ್ನೊಂದು ಇಂಡಸ್ಟ್ರಿಯಲ್ ಮೆಟಲ್, ಅಂದರೆ ಮಷೀನಿನ ಸದ್ದಿನ ಮೇಲೆ ಕಟ್ಟಿದ ಭಾರದ ರಾಕ್. ಜನ ಇವನ್ನು ಬೇರೆ ಬೇರೆ ಕಪಾಟಿನಲ್ಲಿ ಇಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಎರಡಕ್ಕೂ ಒಂದೇ ಬೇರು: ಕಿಲ್ಲಿಂಗ್ ಜೋಕ್ ಬ್ಯಾಂಡಿನ 1980ರ ಮೊದಲ ಎಲ್‌ಪಿ. ಒಂದೇ ಗಿಟಾರ್ ಪಟ್ಟು ಬಿಡದೆ ತಿರುಗುವುದು, ಡ್ರಮ್ಸ್ ಮೆರವಣಿಗೆಯ ಹಾಗೆ ನಡೆಯುವುದು. ಅಮೆಬಿಕ್ಸ್ ಅದನ್ನು ಕೇಳಿಯೇ ಬೆಳೆದದ್ದು, ಗಾಡ್‌ಫ್ಲೆಶ್ ಕೂಡ. ಆ ರೆಕಾರ್ಡು ನಿಮ್ಮಲ್ಲಿ ಇಲ್ಲದಿದ್ದರೆ ಫೋನಿನಲ್ಲೇ ಒಂದು ಸಲ ಕೇಳಿ, ಆಮೇಲೆ 'ಅರೈಸ್!' ಹಾಕಿ. 1985ರದು. ಇಂಗ್ಲೆಂಡಿನ ಡೆವನ್ ಕಡೆಯ ಹುಡುಗರು, ಬ್ರಿಸ್ಟಲ್‌ನಲ್ಲಿ ಖಾಲಿ ಬಿದ್ದ ಮನೆಗಳಲ್ಲಿ ಇದ್ದುಕೊಂಡು ಬೆಳೆಸಿದ ಬ್ಯಾಂಡು. ಪಂಕ್‌ನ ಸಿಟ್ಟಿಗೆ ಮೆಟಲ್‌ನ ತೂಕ ಸೇರಿದ್ದು ಇಲ್ಲಿ. 1987ರಲ್ಲಿ ಬ್ಯಾಂಡು ಮುರಿದ ಮೇಲೆ ಹಾಡುಗಾರ ರಾಬ್ ಮಿಲ್ಲರ್ ಸ್ಕಾಟ್ಲೆಂಡಿನ ಸ್ಕೈ ದ್ವೀಪಕ್ಕೆ ಹೋಗಿ ಕತ್ತಿ ಮಾಡುವ ಕಮ್ಮಾರರಾದರು. ಆ ದನಿ ಕೇಳಿದರೆ ಅದು ಸರಿಯೇ ಅನಿಸುತ್ತದೆ.

'ಸ್ಟ್ರೀಟ್‌ಕ್ಲೀನರ್' ಅನ್ನು ಅದೇ ದಿನ ಹಾಕಬೇಡಿ. ಒಂದು ರಾತ್ರಿ ಬಿಡಿ. 1989, ಬರ್ಮಿಂಗ್‌ಹ್ಯಾಮ್. ಗಾಡ್‌ಫ್ಲೆಶ್‌ನಲ್ಲಿ ಹಾಡಿ ಗಿಟಾರ್ ಬಾರಿಸುವ ಜಸ್ಟಿನ್ ಬ್ರಾಡ್ರಿಕ್‌ಗೆ ಆಗ 20 ವರ್ಷ. ಅದಕ್ಕೆ ಮೂರು ವರ್ಷ ಮೊದಲು ನೇಪಾಮ್ ಡೆತ್‌ನ 'ಸ್ಕಮ್' ರೆಕಾರ್ಡಿನ ಮೊದಲ ಬದಿಗೆ ಗಿಟಾರ್ ಬಾರಿಸಿದ್ದ ಹುಡುಗ ಇವನೇ. ಅಷ್ಟು ವೇಗದ ಬ್ಯಾಂಡಿನಿಂದ ಬಂದವನು ಪ್ರಪಂಚದ ಅತ್ಯಂತ ನಿಧಾನದ, ಭಾರದ ಸಂಗೀತ ಮಾಡಿದ. ಡ್ರಮ್ಸ್‌ಗೆ ಮನುಷ್ಯನೇ ಇಲ್ಲ, ಅಲೆಸಿಸ್ ಎಚ್‌ಆರ್-16 ಅನ್ನುವ ಡ್ರಮ್ ಮಷೀನು. ಮನುಷ್ಯ ಬಾರಿಸಿದರೆ ಒಂದು ಪೆಟ್ಟು ಜೋರು, ಒಂದು ಮೆಲ್ಲಗೆ. ಮಷೀನಿಗೆ ಸುಸ್ತು ಇಲ್ಲ, ಕರುಣೆ ಇಲ್ಲ. ಒಂದೇ ತೂಕದ ಪೆಟ್ಟು ಬೀಳುತ್ತಲೇ ಇರುತ್ತದೆ, ಅದರ ಮೇಲೆ ಗಿಟಾರ್ ಒದ್ದಾಡುತ್ತದೆ. ಮೊದಲ ಹಾಡಿಗೇ ಎದ್ದು ಹೋಗಬೇಡಿ, ಮೂರನೆಯದರ ತನಕ ಕೂತಿರಿ. ಎಲ್‌ಪಿಯಲ್ಲಿ 10 ಹಾಡು ಮಾತ್ರ ಇರುತ್ತವೆ, ಸಿಡಿಯಲ್ಲಿ ಇನ್ನೂ ನಾಲ್ಕು ಇವೆ. ನಿಮ್ಮ ಪ್ರತಿಯಲ್ಲಿ ಏನೋ ಕಡಿಮೆಯಾಗಿದೆ ಅಂತ ಗಾಬರಿ ಬೇಡ.

ಕೊನೆಗೆ ಆಪ್ಟಿಮಮ್ ವೂಂಡ್ ಪ್ರೊಫೈಲ್. ಯಾರೂ ನೆನೆಯದ ಬ್ಯಾಂಡು. ಕ್ರಸ್ಟ್ ಲೋಕದ ಎಕ್ಸ್‌ಟ್ರೀಮ್ ನಾಯ್ಸ್ ಟೆರರ್ ಬ್ಯಾಂಡಿನ ಫಿಲ್ ವೇನ್ ಇಲ್ಲಿ ಮಷೀನ್ ಸದ್ದಿನ ಮೇಲೆ ಕಿರುಚಿದ್ದಾರೆ. ಎರಡು ಕುಲ ಮತ್ತೆ ಕೂಡಿದ್ದನ್ನು ಕಿವಿಯಲ್ಲೇ ಕೇಳಬಹುದು. ಇದನ್ನೂ ಹುಡುಕಿ ಕೊಂಡಿದ್ದಾರೆ ಅಂದರೆ ನಿಮ್ಮ ಮಾವ ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ಸುಮ್ನೆ ಎತ್ತಿಕೊಂಡವರಲ್ಲ. ದಾರಿ ಗೊತ್ತಿದ್ದು ನಡೆದವರು.

ಪುಣೆ ಸ್ಮಿತಾ

ಪ್ರಸಾದಣ್ಣ, ನಿಮ್ಮ ಮಾತಿಗೆ ಒಂದು ಕಡೆ ತಕರಾರು. ಹೊಸಬರಿಗೆ ಡೂಮ್ ಮೊದಲು ಕೊಡಬೇಕು. 'ವಾರ್ ಕ್ರೈಮ್ಸ್' 1988ರದು, ಪೀಸ್‌ವಿಲ್ ಕಂಪನಿಯದು. ಅದರ ಡ್ರಮ್ಸ್ ಕೇಳಿದರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಡುಮ್ ಟಕ್, ಡುಡುಮ್ ಟಕ್. ಇದಕ್ಕೆ ಡಿ-ಬೀಟ್ ಅನ್ನುತ್ತಾರೆ, ಡಿಸ್‌ಚಾರ್ಜ್ ಬ್ಯಾಂಡಿನಿಂದ ಬಂದ ಹೆಸರು. ಕುಂದಾಪುರದವರಿಗೆ ಚೆಂಡೆ ಕೇಳಿದ ಕಿವಿ ಇರುತ್ತದೆ, ಇದು ಕಷ್ಟವೇ ಆಗುವುದಿಲ್ಲ.

ಇನ್ನೊಂದು ಮಾತು. ಕ್ರಸ್ಟ್ ಅಂದರೆ ಬರೀ ಸದ್ದಲ್ಲ, ಅದರ ಕಾಗದವನ್ನೂ ಓದಬೇಕು. ಕವರಿನೊಳಗೆ ಮಡಚಿಟ್ಟ ಹಾಳೆ ಇದ್ದರೆ ತೆಗೆದು ನೋಡಿ. ಯುದ್ಧ ಬೇಡ, ಪ್ರಾಣಿಗಳನ್ನು ಹಿಂಸೆ ಮಾಡಬೇಡಿ, ದುಡ್ಡಿರುವವನ ಮಾತು ಕೇಳಬೇಡಿ. ಇಂಥ ಪಂಕ್ ರೆಕಾರ್ಡುಗಳಲ್ಲಿ 'ಇಷ್ಟಕ್ಕಿಂತ ಜಾಸ್ತಿ ಕೊಡಬೇಡಿ' ಅಂತ ಬೆಲೆಯನ್ನು ಕವರಿನ ಮೇಲೇ ಅಚ್ಚು ಹಾಕುತ್ತಿದ್ದರು. ಕೂಲಿ ಮಾಡುವವನ ಕೈಗೆ ಎಟುಕಲಿ ಅಂತ. ಕಿರುಚುವವರೆಲ್ಲ ಕ್ರೂರಿಗಳು ಅಂತ ನಮ್ಮ ಮನೆಯಲ್ಲೂ ತಿಳಿದಿದ್ದರು. ನಾನು ಒಂದು ಹಾಡಿನ ಅರ್ಥ ಕನ್ನಡದಲ್ಲಿ ಬರೆದು ಅಮ್ಮನಿಗೆ ಓದಿ ಹೇಳಿದೆ. 'ಇದರಲ್ಲಿ ತಪ್ಪೇನಿದೆ, ಸರಿಯಾಗೇ ಹೇಳಿದ್ದಾರೆ' ಅಂದರು. ಮೆದು ಮನುಷ್ಯ ಯಾಕೆ ಕೇಳುತ್ತಿದ್ದರು ಅಂದರೆ, ಸುಧೀರ್, ಮೆದು ಮನುಷ್ಯರೇ ಇದನ್ನು ಬರೆದದ್ದು.

ವಾಸ್ಕೊ ವಾಸು

ಮಾರಾಯ್ರೇ, ಸಂಗೀತ ನನಗೆ ಅಷ್ಟು ಗೊತ್ತಿಲ್ಲ. ಆದರೆ 22 ವರ್ಷ ಎಂಜಿನ್ ರೂಮಿನಲ್ಲಿ ಇದ್ದೆ, ಈಗ ಗೋವಾದಲ್ಲಿ ಮನೆ. ಕೊನೆ ಪ್ರಶ್ನೆಗೆ ನಾನು ಹೇಳಬಹುದು ಅನಿಸಿತು.

ಆಯ್ಲರ್ ಕೆಲಸ ಅಂದರೆ ನಾಲ್ಕು ಗಂಟೆ ಡ್ಯೂಟಿ, ಎಂಟು ಗಂಟೆ ಬಿಡುವು, ಮತ್ತೆ ನಾಲ್ಕು ಗಂಟೆ. ದೊಡ್ಡ ಎಂಜಿನ್ ನಿಮಿಷಕ್ಕೆ ನೂರು ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಕಿವಿಗೆ ಮಫ್ ಹಾಕಿದರೂ ಸದ್ದು ಬೂಟಿನಿಂದ ಹತ್ತಿ ಎದೆಗೆ ಬರುತ್ತದೆ. ಬಂಕಿನಲ್ಲಿ ಮಲಗಿದರೆ ದಿಂಬಿನಲ್ಲೂ ಅದೇ. ಒಂದು ವಾರ ಕಳೆದರೆ ಅದು ಸದ್ದು ಅಂತ ಅನಿಸುವುದಿಲ್ಲ. ಒಂದು ಪೆಟ್ಟು ತಪ್ಪಿದರೆ ಮಾತ್ರ ಎಲ್ಲರಿಗೂ ಎಚ್ಚರ ಆಗುತ್ತದೆ. ಹಡಗಿನಿಂದ ಸೈನ್‌ಆಫ್ ಮಾಡಿ ಊರಿಗೆ ಬಂದ ಮೊದಲ ರಾತ್ರಿ ನನಗೆ ನಿದ್ದೆಯೇ ಬರುತ್ತಿರಲಿಲ್ಲ, ಮನೆ ಅಷ್ಟು ಸುಮ್ಮನೆ ಇರುತ್ತಿತ್ತು. ಟೇಬಲ್ ಫ್ಯಾನನ್ನು ಗೋಡೆಗೆ ತಾಗಿಸಿ ಇಟ್ಟುಕೊಂಡು ಮಲಗುತ್ತಿದ್ದೆ.

ಪ್ರಸಾದರು ಹೇಳಿದ ಆ ಮಷೀನ್ ಪೆಟ್ಟಿನ ಹಾಡನ್ನು ಈಗ ಫೋನಿನಲ್ಲಿ ಹಾಕಿ ಕೇಳಿದೆ. ಕಣ್ಣು ಮುಚ್ಚಿದೆ. ನಿಮ್ಮ ಮಾವ ಕಿಟಕಿ ಹತ್ತಿರ ಯಾಕೆ ಕೂರುತ್ತಿದ್ದರು ಅಂತ ನನಗೆ ಗೊತ್ತಾಯಿತು.

ಡೊಂಬಿವಲಿ ಸುಧೀರ

ಎಲ್ಲರಿಗೂ ನಮಸ್ಕಾರ. ವಾಸಣ್ಣ, ನಿಮ್ಮ ಮಾತನ್ನು ಅತ್ತೆಗೆ ಓದಿ ಹೇಳಿದೆ. ಅವರು ಏನೂ ಹೇಳಲಿಲ್ಲ, ಒಳಗೆ ಹೋಗಿ ಮಾವನ ಹೆಡ್‌ಫೋನ್ ತಂದುಕೊಟ್ಟರು. ಕಿವಿಯ ಸ್ಪಂಜು ಪುಡಿಯಾಗಿದೆ, ತಂತಿ ಸರಿ ಇದೆ.

ನಿನ್ನೆ ನಾಲ್ಕು ಪ್ಲೇಟು ತೊಳೆದೆ. ಬಟ್ಟೆ ಬೂದಿ ಬಣ್ಣಕ್ಕೆ ತಿರುಗಿತು, ಪ್ಲೇಟು ಕಪ್ಪಗೆ ಹೊಳೆಯಿತು. 'ಸ್ಟ್ರೀಟ್‌ಕ್ಲೀನರ್' ಮೇಲೆ ಮಾಶ್ 15 ಸಿಕ್ಕಿತು. 'ಅರೈಸ್!' ಮೇಲಿನ ನಂಬರೂ ಸಿಕ್ಕಿತು. ಸ್ಮಿತಾ ಅವರೇ, ಡೂಮ್ ಕವರಿನೊಳಗೆ ಮಡಚಿದ ಹಾಳೆ ಇತ್ತು. ಮಾವ ಕೆಲವು ಇಂಗ್ಲಿಷ್ ಪದಗಳ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಕನ್ನಡ ಅರ್ಥ ಬರೆದುಕೊಂಡಿದ್ದಾರೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು ಅವರು.

ಹಳೆ ರೆಕಾರ್ಡಿನವರಿಗೆ ಫೋನ್ ಮಾಡಿ ಕೊಡುವುದಿಲ್ಲ ಅಂದೆ.

'ಅರೈಸ್!' ಮೊದಲ ಬದಿ ಪೂರ್ತಿ ಕೇಳಿದೆ. ಸ್ಪೀಕರಿನಲ್ಲೇ ಹಾಕಿದ್ದೆ. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಇಷ್ಟು ವರ್ಷ ಇದಾ ಕೇಳ್ತಾ ಇದ್ರು' ಅಂದರು. ಬದಿ ಮುಗಿದ ಮೇಲೆ, 'ತಿರುಗಿಸಿ ಹಾಕು' ಅಂದರು. ಎರಡನೇ ಬದಿಯ ನಡುವೆ ಮುಳ್ಳು ಎರಡು ಸಲ ಜಾರಿತು. ಗೀರು ಕಾಣುತ್ತಿಲ್ಲ, ಮುಳ್ಳೇ ಸವೆದಿರಬೇಕು. ಪ್ರಸಾದ್ ಅವರೇ, ಪ್ಲೇಯರ್ ಸಮೇತ ಈ ಭಾನುವಾರ ಮಾಟುಂಗಾಕ್ಕೆ ಬರಲಾ? ಸ್ಟೇಷನ್ ಹತ್ತಿರ ಎಲ್ಲಿ ಸಿಗುತ್ತೀರಿ ಹೇಳಿ. 'ಅರೈಸ್!' ಕೂಡ ತರುತ್ತೇನೆ, ನೀವು ಒಂದು ಸಲ ಕೈಯಲ್ಲಿ ಹಿಡಿದು ನೋಡಬೇಕು.