ಪದಚರ್ಚೆ: ಡಂಕರ್ಕ್‌ನಲ್ಲಿ ನಡೆದದ್ದು ಪಲಾಯನವೋ, ತೆರವೋ, ಪಾರಾದದ್ದೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಬ್ರಿಟನ್ನಿನ ಯುದ್ಧಚಿತ್ರಗಳನ್ನೂ ಟೆಲಿವಿಷನ್ ಸರಣಿಗಳನ್ನೂ ಕುರಿತು ನಮ್ಮ ಊರಿನ ಚಿತ್ರಸಂಘವೊಂದು ಐದು ವಾರಗಳ ಪ್ರದರ್ಶನವನ್ನು ಇಟ್ಟುಕೊಂಡಿದೆ. ಅದಕ್ಕೆ ಕನ್ನಡದಲ್ಲಿ ಪರಿಚಯ ಟಿಪ್ಪಣಿಗಳನ್ನೂ, ಆಯ್ದ ದೃಶ್ಯಗಳಿಗೆ ಸಬ್‌ಟೈಟಲ್ಲನ್ನೂ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂದಿದೆ. ಆಯುಧಗಳ ಹೆಸರು, ಸೇನೆಯ ಹುದ್ದೆಗಳು ತೊಡಕಾಗಬಹುದೆಂದು ಮೊದಲು ಹೆದರಿದ್ದೆ. ಅವು ಹೇಗೋ ಸರಿಹೋದವು. ನಿಜವಾಗಿ ಕಾಡುತ್ತಿರುವುದು ಒಂದೇ ಪದ, ಇವ್ಯಾಕ್ಯುಯೇಷನ್; ಅಪಾಯದ ಜಾಗದಿಂದ ಜನರನ್ನು ಹೊರಕ್ಕೆ ಸಾಗಿಸುವುದು.

ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೇನೆ ಸುತ್ತುವರಿದಾಗ, 1940ರ ಮೇ 26ರಿಂದ ಜೂನ್ 4ರವರೆಗೆ ಫ್ರಾನ್ಸಿನ ಡಂಕರ್ಕ್ ಬಂದರಿನಿಂದಲೂ ಅದರ ಅಕ್ಕಪಕ್ಕದ ಮರಳ ದಂಡೆಯಿಂದಲೂ 3,38,226 ಸೈನಿಕರನ್ನು ಹಡಗು ದೋಣಿಗಳಲ್ಲಿ ಇಂಗ್ಲೆಂಡಿಗೆ ಸಾಗಿಸಲಾಯಿತು. ಅವರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಂದಿ ಫ್ರೆಂಚರು. ಈ ಘಟನೆಯನ್ನು ಬ್ರಿಟಿಷ್ ಸಿನಿಮಾ ಮತ್ತೆ ಮತ್ತೆ ಹೇಳಿಕೊಂಡಿದೆ. ನಮ್ಮ ಪಟ್ಟಿಯಲ್ಲಿಯೇ ಮೂರಿವೆ: ಲೆಸ್ಲಿ ನಾರ್ಮನ್ 1958ರಲ್ಲಿ ಮಾಡಿದ 'ಡಂಕರ್ಕ್', ಜೋ ರೈಟ್ 2007ರಲ್ಲಿ ಮಾಡಿದ 'ಅಟೋನ್‌ಮೆಂಟ್', ಕ್ರಿಸ್ಟೋಫರ್ ನೋಲನ್ 2017ರಲ್ಲಿ ಮಾಡಿದ ಇನ್ನೊಂದು 'ಡಂಕರ್ಕ್'. ಮೂರಕ್ಕೂ ಟಿಪ್ಪಣಿ ಬರೆಯಬೇಕಾದ ನಾನು ಮೊದಲ ವಾಕ್ಯದಲ್ಲಿಯೇ ನಿಂತುಬಿಟ್ಟಿದ್ದೇನೆ.

ಮೊದಲು ಕೈಗೆ ಬಂದ ಪದ 'ಪಲಾಯನ'. ಇದರಲ್ಲಿ ಓಡಿದವನೇ ಕರ್ತೃ, ಅವನ ಓಟಕ್ಕೆ ಅವನೇ ಹೊಣೆ. ಡಂಕರ್ಕ್‌ನಲ್ಲಿ ಸೈನಿಕರು ಓಡಲಿಲ್ಲ, ಸಾಲು ನಿಂತರು. ಎರಡು 'ಡಂಕರ್ಕ್' ಚಿತ್ರಗಳಲ್ಲಿಯೂ ಕಣ್ಣಿಗೆ ಕಟ್ಟುವುದು ಆ ಸಾಲೇ. ಮರಳಿನಿಂದ ಹೊರಟು ನೀರಿಗಿಳಿದು, ಎದೆಯ ಮಟ್ಟದ ಅಲೆಯಲ್ಲಿ ಕೋವಿಯನ್ನು ಮೇಲಕ್ಕೆತ್ತಿ ಹಿಡಿದು ನಿಂತವರ ಸಾಲನ್ನು ನೋಡುತ್ತಿದ್ದಾಗ, ಅದು ಯುದ್ಧಭೂಮಿಯೋ ನ್ಯಾಯಬೆಲೆ ಅಂಗಡಿಯ ಮುಂಗಟ್ಟೋ ಎಂದು ನನಗೆ ಒಮ್ಮೆ ಅನ್ನಿಸಿದ್ದುಂಟು. ಇದನ್ನು ಪಲಾಯನ ಎಂದು ಬರೆದರೆ ಚಿತ್ರ ಶುರುವಾಗುವ ಮೊದಲೇ ನಾನು ತೀರ್ಪು ಕೊಟ್ಟಂತಾಗುತ್ತದೆ.

'ಹಿಮ್ಮೆಟ್ಟುವಿಕೆ' ಇದಕ್ಕಿಂತ ಮರ್ಯಾದಸ್ಥ ಪದ. ಆದರೆ ಅದು ರಿಟ್ರೀಟ್‌ಗೆ ಸಲ್ಲುತ್ತದೆ. ಗಡಿಯಿಂದ ಕಡಲಿನವರೆಗೆ ಸೇನೆ ಹಿಮ್ಮೆಟ್ಟಿತು, ಸರಿ. ಕಡಲು ಅಡ್ಡ ಬಂದ ಮೇಲೆ ಮೆಟ್ಟಲು ಹಿಂದೆ ನೆಲವೇ ಇಲ್ಲ. 1958ರ ಚಿತ್ರ ಈ ಎರಡು ಹಂತಗಳನ್ನೂ ಬಿಡಿಬಿಡಿಯಾಗಿ ತೋರಿಸುವುದರಿಂದ ಎರಡಕ್ಕೂ ಒಂದೇ ಪದ ಬಳಸುವಂತಿಲ್ಲ.

ಪತ್ರಿಕೆಗಳು ಬಳಸುವ 'ತೆರವು' ಅರ್ಥದ ಮಟ್ಟಿಗೆ ಬಹಳ ಹತ್ತಿರದ್ದು. ಇಂಗ್ಲಿಷ್ ಪದದ ಲ್ಯಾಟಿನ್ ಬೇರಿನಲ್ಲಿಯೂ 'ಬರಿದು ಮಾಡು' ಎಂಬ ಅರ್ಥವೇ ಇದೆ. ತೊಂದರೆಯೆಂದರೆ ಕನ್ನಡದಲ್ಲಿ ತೆರವಾಗುವುದು ಜಾಗ, ಮನುಷ್ಯರಲ್ಲ. ಶಾಸಕರ ಸ್ಥಾನ ತೆರವಾಗುತ್ತದೆ, ಬಾಡಿಗೆ ಮನೆ ತೆರವಾಗುತ್ತದೆ, ರಾಜಕಾಲುವೆಯ ಒತ್ತುವರಿ ತೆರವಾಗುತ್ತದೆ. 'ಡಂಕರ್ಕ್ ತೆರವು ಕಾರ್ಯಾಚರಣೆ' ಎಂದು ಬರೆದು ಮನೆಯಲ್ಲಿ ಓದಿ ಹೇಳಿದಾಗ, 'ಜೆಸಿಬಿ ಬಂದಿತ್ತೇ?' ಎಂದು ನನ್ನ ತಮ್ಮ ಕೇಳಿದ. 'ಸ್ಥಳಾಂತರ'ಕ್ಕೆ ಈ ದೋಷವಿಲ್ಲ, ಆದರೆ ಅದಕ್ಕೆ ಜೀವವೂ ಇಲ್ಲ. ಕಚೇರಿ ಬೇರೆ ಕಟ್ಟಡಕ್ಕೆ ಹೋದರೂ ಅದೇ ಪದ, ಬಾಂಬಿನ ಅಡಿಯಿಂದ ಸೈನಿಕರನ್ನು ಎತ್ತಿ ತಂದರೂ ಅದೇ ಪದ.

ಇದು ಬರಿಯ ನಿಘಂಟಿನ ಸಮಸ್ಯೆಯಲ್ಲವೆಂದು ನನಗೆ ಮನವರಿಕೆಯಾದದ್ದು ಚರ್ಚಿಲ್ಲರ ಮಾತನ್ನು ಕನ್ನಡಿಸಲು ಕುಳಿತಾಗ. 1940ರ ಜೂನ್ 4ರಂದು ಕಾಮನ್ಸ್ ಸಭೆಯಲ್ಲಿ ಅವರು, ಈ ಡೆಲಿವರೆನ್ಸನ್ನು (ಸಂಕಟದಿಂದ ಉಳಿದು ಬಂದದ್ದನ್ನು) ಗೆಲುವೆಂದು ಭಾವಿಸಬಾರದು, ಇವ್ಯಾಕ್ಯುಯೇಷನ್‌ಗಳಿಂದ ಯುದ್ಧ ಗೆದ್ದಂತಾಗುವುದಿಲ್ಲ ಎಂದರು. ಆ ಬೆನ್ನಿಗೇ, ಇದರ ಒಳಗೂ ಒಂದು ಗೆಲುವಿದೆ ಎಂದರು. ನೋಲನ್ನರ ಚಿತ್ರದ ಕೊನೆಯಲ್ಲಿ ರೈಲಿನಲ್ಲಿ ಕುಳಿತ ಹುಡುಗನೊಬ್ಬ ಪತ್ರಿಕೆಯಿಂದ ಇದನ್ನೇ ತಡೆತಡೆದು ಓದುತ್ತಾನೆ. ಅಲ್ಲಿ 'ಪಲಾಯನದಿಂದ ಯುದ್ಧ ಗೆಲ್ಲಲಾಗದು' ಎಂದು ಹಾಕಿದರೆ ಅದು ಎಲ್ಲರಿಗೂ ಗೊತ್ತಿರುವ ಮಾತಾಗುತ್ತದೆ, ಮೇಲಾಗಿ ಓದುತ್ತಿರುವ ಹುಡುಗನಿಗೇ ಬೈದಂತಾಗುತ್ತದೆ. 'ತೆರವಿನಿಂದ' ಎಂದು ಹಾಕಿದರೆ ಪ್ರಧಾನಿಯ ಮಾತು ಪಾಲಿಕೆಯ ಪ್ರಕಟಣೆಯಾಗುತ್ತದೆ. ಡೆಲಿವರೆನ್ಸ್ ಎಂಬುದಕ್ಕಂತೂ ಬೈಬಲ್ಲಿನ ಧ್ವನಿಯಿದೆ. 'ವಿಮೋಚನೆ' ಎಂದರೆ ನಮ್ಮಲ್ಲಿ ನಾಡಿನ ವಿಮೋಚನೆ ನೆನಪಾಗುತ್ತದೆ, 'ಬಿಡುಗಡೆ' ಎಂದರೆ ಜೈಲು, ಇಲ್ಲವೇ ಪುಸ್ತಕ.

ನನಗೆ ತೋರುವ ಕಾರಣವನ್ನು ಹೇಳಿಬಿಡುತ್ತೇನೆ, ತಪ್ಪಿದ್ದರೆ ತಿದ್ದಬೇಕು. ಯುದ್ಧವನ್ನು ಹೇಳುವ ನಮ್ಮ ಪದಗಳಲ್ಲಿ ಬಹುಪಾಲು ವೀರಗಲ್ಲಿನ ಕಡೆಯವು. ನಮ್ಮ ಕೆರೆ ಏರಿಯ ಮೇಲಿರುವ ಕಲ್ಲನ್ನೇ ನೋಡಿ: ಕೆಳಗಿನ ಪಟ್ಟಿಯಲ್ಲಿ ಕತ್ತಿ ಹಿಡಿದವನು ಮತ್ತು ತುರು, ನಡುವಿನ ಪಟ್ಟಿಯಲ್ಲಿ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನ ಪಟ್ಟಿಯಲ್ಲಿ ಶಿವಲಿಂಗದ ಮುಂದೆ ಕುಳಿತ ಅವನೇ. ಸತ್ತವನಿಗೆ ಕಲ್ಲುಂಟು, ಹಿಂತಿರುಗಿ ಬಂದವನಿಗೆ ಕಲ್ಲೂ ಇಲ್ಲ, ಪದವೂ ಇಲ್ಲ. ಅವನು 'ಕಾಲ್ತೆಗೆದವನು', 'ಬೆನ್ನು ತೋರಿಸಿದವನು'. ನೀರಿನಲ್ಲಿ ನಿಂತು ಕಾಯುವ ವೀರನೊಬ್ಬ ನಮ್ಮ ಕಾವ್ಯದಲ್ಲಿಯೂ ಇದ್ದಾನೆ, ರನ್ನನ ದುರ್ಯೋಧನ. ಆದರೆ ವೈಶಂಪಾಯನ ಸರೋವರದಲ್ಲಿ ಅವನು ನೀರೊಳಗಿದ್ದೂ ಬೆವರಬೇಕು, ಭೀಮನ ಮೂದಲಿಕೆಗೆ ಎದ್ದು ಬರಲೇಬೇಕು. ದೋಣಿಯೊಂದು ಬಂದು ಅವನನ್ನು ಹತ್ತಿಸಿಕೊಂಡು ಹೋಗುವ ಕಥೆಯನ್ನು ನಮ್ಮ ಕವಿ ಬರೆಯಲಾರ. ಬ್ರಿಟಿಷ್ ಸಿನಿಮಾ ಸರಿಯಾಗಿ ಆ ಕಥೆಯನ್ನೇ ತನ್ನ ಮುಖ್ಯ ಕಥೆಗಳಲ್ಲಿ ಒಂದನ್ನಾಗಿ ಮಾಡಿಕೊಂಡಿದೆ.

ಆದುದರಿಂದ ನಾನು ಸದ್ಯಕ್ಕೆ 'ಪಾರು' ಎಂಬ ಪದಕ್ಕೆ ಬಂದು ನಿಂತಿದ್ದೇನೆ. ಸಂಸ್ಕೃತದ ಪಾರ ಎಂದರೆ ಆಚೆಯ ದಡ. ಪಾರಾಗುವುದು, ಪಾರುಮಾಡುವುದು, ಪಾರುಗಾಣಿಸುವುದು, ಎಲ್ಲದರಲ್ಲಿಯೂ ನೀರಿದೆ, ದಡವಿದೆ, ದಾಟಿಸುವವನಿದ್ದಾನೆ; ಭವಸಾಗರದ ಮಾತಿನಿಂದಾಗಿ ಡೆಲಿವರೆನ್ಸಿನ ಭಕ್ತಿಯ ಎಳೆಯೂ ತಾನಾಗಿ ಬರುತ್ತದೆ. 'ಪಾರಾದ ಮಾತ್ರಕ್ಕೆ ಯುದ್ಧ ಗೆದ್ದಂತಲ್ಲ' ಎಂಬ ಸಾಲು ನನ್ನ ಕಿವಿಗೆ ಸರಿ ಕೇಳುತ್ತದೆ. ಕೊರತೆಯೆಂದರೆ ಇದಕ್ಕೆ ಒಪ್ಪುವ ನಾಮಪದವಿಲ್ಲ. 'ಡಂಕರ್ಕ್ ಪಾರುಗಾಣಿಕೆ' ಎಂದರೆ ಕಾಣಿಕೆ ಹುಂಡಿಯ ನೆನಪಾಗುತ್ತದೆ. ಇನ್ನೊಂದು ಎಚ್ಚರವೂ ಬೇಕು: 'ಅಟೋನ್‌ಮೆಂಟ್'ನ ಕಥಾನಾಯಕ, ಸೈನಿಕ ರಾಬಿ ಪಾರಾಗುವುದೇ ಇಲ್ಲ. ಆ ದಂಡೆಯನ್ನು ಕ್ಯಾಮೆರಾ ಸುಮಾರು ಐದು ನಿಮಿಷ ಒಂದೇ ಸಮನೆ, ಎಲ್ಲಿಯೂ ತುಂಡರಿಸದೆ ತೋರಿಸುತ್ತದೆ. ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಗುಂಡಿಟ್ಟು ಕೊಲ್ಲುತ್ತಿದ್ದಾರೆ, ಪಕ್ಕದಲ್ಲಿಯೇ ಒಂದು ಗುಂಪು ಪ್ರಾರ್ಥನಾಗೀತೆ ಹಾಡುತ್ತಿದೆ. ಅಲ್ಲಿಯವರೆಗೆ ನಡೆದು ಬಂದ ರಾಬಿ ಹಡಗು ಹತ್ತುವ ಮೊದಲೇ ಆ ಕರಾವಳಿಯಲ್ಲಿ ತೀರಿಕೊಂಡನೆಂಬುದು ನಮಗೆ ಕೊನೆಗಷ್ಟೇ ತಿಳಿಯುತ್ತದೆ. ಟಿಪ್ಪಣಿಯಲ್ಲಿ 'ಪಾರಾದ ಕಥೆ' ಎಂದು ಬರೆದರೆ ಆ ಚಿತ್ರದ ಮಟ್ಟಿಗೆ ಅದು ಸುಳ್ಳಾಗುತ್ತದೆ.

ನೋಲನ್ನರ ಚಿತ್ರದ ಎರಡು ಸಣ್ಣ ಮಾತುಗಳನ್ನೂ ಇಲ್ಲಿಯೇ ಕೇಳಿಬಿಡುತ್ತೇನೆ. ಹಿಂತಿರುಗಿದ ಹುಡುಗರಿಗೆ ಮುದುಕನೊಬ್ಬ ಕಂಬಳಿ ಹಂಚುತ್ತಿರುತ್ತಾನೆ. 'ನಾವು ಮಾಡಿದ್ದೇನು, ಬದುಕಿ ಬಂದದ್ದಷ್ಟೇ' ಎನ್ನುತ್ತಾನೆ ಒಬ್ಬ. 'ಅಷ್ಟೇ ಸಾಕು' ಎನ್ನುತ್ತಾನೆ ಮುದುಕ. ಈತ ನಮ್ಮ ಮುಖವನ್ನೇ ನೋಡಲಿಲ್ಲವೆಂದು ಹುಡುಗ ನಾಚಿಕೊಳ್ಳುತ್ತಾನೆ. ಮುದುಕ ಕುರುಡನೆಂಬುದು ಅವನಿಗೆ ತಿಳಿದಿಲ್ಲ. ಹುಡುಗನ ಬಾಯಲ್ಲಿ 'ಜೀವ ಉಳಿಸಿಕೊಂಡೆವು' ಎಂದಿದ್ದರೆ ನಾಚಿಕೆ ಚೆನ್ನಾಗಿ ಕೇಳಿಸುತ್ತದೆ, ಆದರೆ ಮುದುಕನ ಸಮಾಧಾನಕ್ಕೆ ಎಡೆ ಉಳಿಯುವುದಿಲ್ಲ. 'ಬದುಕಿ ಬಂದದ್ದು' ಎರಡು ಕಡೆಗೂ ಹೊಂದುತ್ತದೆಯೆಂದು ಅದನ್ನೇ ಇಟ್ಟಿದ್ದೇನೆ. ಮುದುಕನಿಂದ 'ಸಾಕಪ್ಪ' ಎನ್ನಿಸಲೇ ಎಂದು ಎರಡು ದಿನ ಯೋಚಿಸಿದೆ. ಎನ್ನಿಸಬೇಕೆಂಬ ಆಸೆಯೇನೋ ಇದೆ.

ಎರಡನೆಯದು, ದೂರದಲ್ಲಿ ದೋಣಿಗಳನ್ನು ಕಂಡ ನೌಕಾಧಿಕಾರಿಯನ್ನು 'ಏನು ಕಾಣುತ್ತಿದೆ?' ಎಂದು ಕೇಳಿದಾಗ ಅವನು ಕೊಡುವ ಒಂದೇ ಪದದ ಉತ್ತರ, ಹೋಮ್. ಮೊದಲ ಕರಡಿನಲ್ಲಿ 'ತಾಯ್ನಾಡು' ಎಂದಿದ್ದೆ. ಒಡನೆಯೇ ಅಧಿಕಾರಿ ಭಾಷಣಕಾರನಾಗಿಬಿಟ್ಟ. 'ಮನೆ' ಎಂದರೆ ತೀರ ಕಿರಿದು. 'ಊರು' ಎಂದು ಹಾಕಿದ ಮೇಲೆ ಗಂಟಲು ಸ್ವಲ್ಪ ಕಟ್ಟಿತು, ಆದುದರಿಂದ ಅದೇ ಇರಲಿ ಎಂದುಕೊಂಡಿದ್ದೇನೆ. ಬ್ರಿಟಿಷ್ ಸೈನಿಕರ ಆಡುಮಾತಿನಲ್ಲಿ ಊರಿಗೆ 'ಬ್ಲೈಟಿ' ಎಂಬ ಇನ್ನೊಂದು ಹೆಸರಿದೆ. ಅದು ನಮ್ಮ 'ವಿಲಾಯತಿ'ಯೇ. ಭಾರತದಲ್ಲಿದ್ದ ಬ್ರಿಟಿಷ್ ದಂಡಿನ ಮೂಲಕ ಹಡಗು ಹತ್ತಿ, ಮೊದಲ ಮಹಾಯುದ್ಧದಲ್ಲಿ ಎಲ್ಲರ ಬಾಯಿಗೂ ಬಂದ ಪದ. ಸಾಯಿಸದೆ ಊರಿಗೆ ಕಳಿಸುವಷ್ಟು ಮಾತ್ರ ದೊಡ್ಡದಾದ ಗಾಯಕ್ಕೂ ಬ್ಲೈಟಿ ಎಂದೇ ಹೆಸರು. ಅದನ್ನು ಕನ್ನಡಕ್ಕೆ ಮರಳಿ ತಂದು 'ವಿಲಾಯತಿ ಗಾಯ' ಎಂದರೆ ದಿಕ್ಕೇ ತಿರುಗಿಬಿಡುತ್ತದೆ, ಏಕೆಂದರೆ ನಮಗೆ ವಿಲಾಯತಿಯೆಂದರೆ ಪರದೇಶ, ಸೀಮೆಎಣ್ಣೆ ಸೀಮೆಸುಣ್ಣಗಳ 'ಸೀಮೆ'. ನಮ್ಮ ಪದವೇ ಆದರೂ ನಮಗೆ ದಕ್ಕದು. ಇಲ್ಲಿ 'ಊರಿನ ಗಾಯ' ನಡೆದೀತೇ?

ಇನ್ನೊಂದು ಪ್ರಶ್ನೆ ಮೊದಲ ಮಹಾಯುದ್ಧದ್ದು, 'ಓವರ್ ದ ಟಾಪ್'. ಅಗೆದ ಹಳ್ಳದಲ್ಲಿ ತಿಂಗಳುಗಟ್ಟಲೆ ಕುಳಿತ ಸೈನಿಕರು ಸೀಟಿ ಊದಿದೊಡನೆ ಏಣಿ ಹತ್ತಿ ಎದುರಿನ ಮೆಷಿನ್‌ಗನ್ನಿನತ್ತ ಹೊರಡುವುದು. 1916ರ ಆಗಸ್ಟಿನಲ್ಲಿ, ಫ್ರಾನ್ಸಿನ ಸೋಮ್ ನದಿಯ ಬಳಿಯ ಕಾಳಗ ಇನ್ನೂ ನಡೆಯುತ್ತಿರುವಾಗಲೇ ಬ್ರಿಟನ್ನಿನ ಚಿತ್ರಮಂದಿರಗಳಿಗೆ ಬಂದ 'ದ ಬ್ಯಾಟಲ್ ಆಫ್ ದ ಸೋಮ್' ಎಂಬ ಮೂಕಚಿತ್ರದಲ್ಲಿ ಈ ದೃಶ್ಯವಿದೆ. ಮೇಲೆ ಹತ್ತುತ್ತಿರುವವರಲ್ಲಿ ಒಬ್ಬ ಅಂಚಿನಲ್ಲಿಯೇ ಕುಸಿದು ಮತ್ತೆ ಕೆಳಕ್ಕೆ ಜಾರುತ್ತಾನೆ. ಆ ತುಣುಕನ್ನು ಯುದ್ಧರಂಗದ ಹಿಂದೆ, ತರಬೇತಿಯ ಜಾಗದಲ್ಲಿ ಆಡಿಸಿ ತೆಗೆದದ್ದೆಂದು ಇತಿಹಾಸಕಾರರು ಆಮೇಲೆ ತೋರಿಸಿಕೊಟ್ಟರು. ಆದರೂ ಮುಂದಿನವರಿಗೆಲ್ಲ ಅದೇ ಮಾದರಿಯಾಯಿತು. 1989ರ ನವೆಂಬರ್ 2ರಂದು ಬಿಬಿಸಿ ತೋರಿಸಿದ 'ಬ್ಲ್ಯಾಕ್‌ಆ್ಯಡರ್ ಗೋಸ್ ಫೋರ್ತ್' ಎಂಬ ಹಾಸ್ಯ ಸರಣಿಯ ಕೊನೆಯ ಕಂತು ಕೂಡ ಇಲ್ಲಿಗೇ ಬಂದು ನಿಲ್ಲುತ್ತದೆ: ಆರು ಕಂತುಗಳ ಕಾಲ ಇದರಿಂದ ತಪ್ಪಿಸಿಕೊಳ್ಳಲು ನೋಡಿದವರು ಕೊನೆಗೆ ಮೇಲೆ ಹತ್ತುತ್ತಾರೆ, ಹೊಗೆ ಮುಸುಕುತ್ತದೆ, ಹೊಗೆಯಿದ್ದಲ್ಲಿ ಕೆಂಪು ಹೂವಿನ ಹೊಲ ಕಾಣುತ್ತದೆ.

'ಮುನ್ನುಗ್ಗಿದರು' ಎಂದು ಬರೆಯಲು ಮನಸ್ಸು ಒಪ್ಪುತ್ತಿಲ್ಲ. ನುಗ್ಗುವುದಕ್ಕೆ ನುಗ್ಗುವವನ ಮನಸ್ಸು ಬೇಕು. ಪಠ್ಯಪುಸ್ತಕದ 'ಕಂದಕದಿಂದ ಮೇಲೇರಿದರು' ಎಂಬುದು ಕೋಟೆಯ ಕಂದಕವನ್ನೋ, ಮಲೆನಾಡಿನವರಿಗಾದರೆ ಆನೆ ಕಂದಕವನ್ನೋ ನೆನಪಿಸಿ, ಬಿದ್ದವರು ಎದ್ದು ಬಂದರೆಂಬ ಅರ್ಥ ಕೊಡುತ್ತದೆ. ಹೀಗೆ ತಡಕಾಡುತ್ತಿದ್ದಾಗ ಹೊಳೆದದ್ದು, ಆಡುಮಾತಿನ 'ಮೇಲೆ ಹೋದರು'. ಏಣಿ ಹತ್ತಿದ್ದೂ ಆಯಿತು, ತೀರಿಕೊಂಡದ್ದೂ ಆಯಿತು. ಆ ಸರಣಿಯ ಕಹಿ ನಗೆಗೆ ಇದು ಒಪ್ಪುತ್ತದೆಂದು ನನ್ನ ಎಣಿಕೆ. ಸೋಮ್ ಚಿತ್ರಕ್ಕೆ ಮಾತ್ರ ಒಪ್ಪದು, ಅಲ್ಲಿ 'ಸೀಟಿಗೆ ಮೇಲೆ ಹತ್ತಿದರು' ಎಂದು ಬಿಡಿಸಿಯೇ ಹೇಳುತ್ತೇನೆ. ಹೂವಿನ ಗತಿ ಇನ್ನೂ ಕಷ್ಟದ್ದು. ಇಂಗ್ಲಿಷಿನಂತೆಯೇ 'ಪಾಪಿ' ಎಂದು ಬರೆದರೆ ಸತ್ತವರ ನೆನಪಿನ ಹೂವು ಪಾತಕಿಯಾಗುತ್ತದೆ, ಗಸಗಸೆ ಎಂದರೆ ಪಾಯಸದ ವಾಸನೆ ಬರುತ್ತದೆ. 'ಕೆಂಪು ಹೂವು' ಎಂದು ಬರೆದು ಪಾರಾಗಿದ್ದೇನೆ.

'ಡ್ಯಾಡ್ಸ್ ಆರ್ಮಿ' ಎಂಬ ಇನ್ನೊಂದು ಹಾಸ್ಯ ಸರಣಿಯ ಹೋಮ್ ಗಾರ್ಡಿಗೆ ನಮ್ಮ ಸರ್ಕಾರಿ ಪದವಾದ 'ಗೃಹರಕ್ಷಕ ದಳ'ವನ್ನೇ ಇಟ್ಟಿದ್ದೇನೆ. ವಯಸ್ಸಾದ ಬ್ಯಾಂಕ್ ಮ್ಯಾನೇಜರನೂ ಕಟುಕನೂ ಸೇರಿ ಕಡಲ ತಡಿಯ ಪುಟ್ಟ ಊರನ್ನು ಹಿಟ್ಲರನಿಂದ ಕಾಯಲು ಹೊರಡುವ ಆ ಹಾಸ್ಯಕ್ಕೆ, ಬಂದೋಬಸ್ತಿಗೆ ನಿಂತ ನಮ್ಮ ಗೃಹರಕ್ಷಕರ ನೆನಪು ಬಂದರೂ ಕೆಡುಕಿಲ್ಲ. 'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ಟಿಪ್ಪಣಿಗೆ ಹಾಕಿ ಮತ್ತೆ ತೆಗೆದೆ. ಸರಣಿ ಅವರನ್ನು ನೋಡಿ ನಗುತ್ತದೆಯಾದರೂ ಅವರನ್ನು ಹೇಡಿಗಳೆಂದು ಎಲ್ಲಿಯೂ ಹೇಳುವುದಿಲ್ಲ.

ಕರಾವಳಿಯ ಸದಸ್ಯರಲ್ಲಿ ಒಂದು ವಿಶೇಷ ಕೋರಿಕೆ. ಡಂಕರ್ಕ್‌ನಿಂದ ಬಂದವರಲ್ಲಿ ಮೂರನೆಯ ಎರಡು ಪಾಲಿಗೂ ಹೆಚ್ಚು ಮಂದಿ ಹಡಗು ಹತ್ತಿದ್ದು ಬಂದರಿನ ಕಡೆಯಿಂದ. ಅದರಲ್ಲಿ ಮುಖ್ಯವಾಗಿ, ಅಲೆಯನ್ನು ತಡೆಯಲೆಂದು ಕಡಲೊಳಕ್ಕೆ ಚಾಚಿ ಕಟ್ಟಿದ, ಹಡಗು ನಿಲ್ಲಿಸಲೆಂದು ಕಟ್ಟಿರದ ಒಂದು ಕಿರಿದಾದ ಕಟ್ಟೆಯ ಮೇಲಿನಿಂದ. ನೋಲನ್ನರ ಚಿತ್ರದ ಮೂರು ಎಳೆಗಳಲ್ಲಿ ಒಂದಕ್ಕೆ ಅದರ ಹೆಸರೇ ಇದೆ, ಮೋಲ್. ಮಂಗಳೂರಿನ 'ಧಕ್ಕೆ' ಇದಕ್ಕೆ ಸಲ್ಲುವುದೇ, ಅಥವಾ ಅದು ಸರಕು ಇಳಿಸುವ ಕಟ್ಟೆಗಷ್ಟೇ ಮೀಸಲೇ? ಘಟ್ಟದ ಮೇಲಿನವರಿಗೆ ಧಕ್ಕೆಯೆಂದರೆ ಹಾನಿ. 'ಸೈನಿಕರು ಧಕ್ಕೆಯ ಮೇಲೆ ನಿಂತಿದ್ದರು' ಎಂದು ಪರದೆಯ ಮೇಲೆ ಬಂದರೆ ನಮ್ಮ ಪ್ರೇಕ್ಷಕರು ನಕ್ಕಾರು. ಮೀನುಗಾರರ ಬಾಯಲ್ಲಿ ಬ್ರೇಕ್‌ವಾಟರಿಗೆ ಬೇರೆ ಹೆಸರೇನಾದರೂ ಇದ್ದರೆ ತಿಳಿಸಬೇಕು. ಸಣ್ಣ ದೋಣಿಗಳಿಗೆ 'ನಾಡದೋಣಿ' ಎಂದಿದ್ದೇನೆ. ಅವುಗಳಲ್ಲಿ ಉಳ್ಳವರ ವಿಹಾರದ ದೋಣಿಗಳೂ ಇದ್ದುದರಿಂದ ಅದೂ ಪೂರ್ತಿ ಸರಿಯಲ್ಲವೆಂಬ ಅಳುಕಿದೆ. ಮೊದಲ ಪ್ರದರ್ಶನ ಮುಂದಿನ ತಿಂಗಳ ಎರಡನೆಯ ಶನಿವಾರ. ಅದಕ್ಕೆ ಒಂದು ವಾರ ಮೊದಲು ಉತ್ತರ ಬಂದರೆ ತಿದ್ದಿಕೊಳ್ಳಲು ನನಗೆ ಬಿಡುವಿರುತ್ತದೆ.