ತಿಗಣೆನಾ, ಚಿಗಟನಾ?

ಪ್ರಶ್ನೆ, ಮೈಸೂರು ಸರಸ್ವತಿಪುರಂನಿಂದ: ಬೆಳಗ್ಗೆ ಎದ್ದರೆ ಮಗಳ ತೋಳಲ್ಲಿ ಸಾಲಾಗಿ ಕೆಂಪು ದದ್ದು. ಹಾಸಿಗೆಯ ಹೊಲಿಗೆಯಲ್ಲಿ ಇಂಕು ಸಿಡಿದ ಹಾಗೆ ಕಪ್ಪು ಚುಕ್ಕೆ. ಮನೆಯಲ್ಲಿ ಬೆಕ್ಕೂ ಇದೆ. ಯಾವುದಕ್ಕೆ ಔಷಧಿ ಹೊಡೆಸಲಿ?

ಉತ್ತರ: ತಿಗಣೆನೇ ಅಕ್ಕ. ಚುಕ್ಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಕಂದು ಬಣ್ಣ ಹರಡಿದರೆ ಅದರದೇ ಹಿಕ್ಕೆ. ಚಿಗಟ ಜಾಸ್ತಿ ಕಚ್ಚುವುದು ಪಾದ, ಕಣಕಾಲಿಗೆ. ಹಿಡಿಯೋಕೆ ಹೋದರೆ ಎಗರುತ್ತದೆ. ತಿಗಣೆ ಎಗರುವುದಿಲ್ಲ.

ಉತ್ತರ, ಮಂಡ್ಯದಿಂದ: ಹೊದಿಕೆ, ದಿಂಬಿನ ಕವರ್ 60 ಡಿಗ್ರಿ ಬಿಸಿನೀರಲ್ಲಿ ಒಗೆಯಿರಿ. ಮಂಚ ಬಿಚ್ಚಿ ಸ್ಕ್ರೂ ತೂತಿಗೂ ಟಾರ್ಚ್ ಬಿಡಿ. ನಮ್ಮ ಮನೆಯಲ್ಲಿ ಅವು ಸಂಸಾರ ಹೂಡಿದ್ದೇ ಅಲ್ಲಿ! ಸೀಮೆಎಣ್ಣೆ ಸುರಿಯಬೇಡಿ, ಬೆಂಕಿ ಹತ್ತೀತು. ಮೊಟ್ಟೆ ಉಳಿದಿರುತ್ತದೆ, ಎರಡು ವಾರ ಬಿಟ್ಟು ಮತ್ತೆ ಹೊಡೆಸಿ.

ಇನ್ನೊಂದು ಉತ್ತರ: ಬೆಕ್ಕನ್ನು ಸುಮ್ನೆ ಬೈಯಬೇಡಿ, ಪಾಪ. ನಾಯಿಗೆ ಹಾಕುವ ಪರ್ಮೆಥ್ರಿನ್ ಔಷಧಿ ಮಾತ್ರ ಅದಕ್ಕೆ ಹಚ್ಚಬೇಡಿ, ಬೆಕ್ಕಿಗೆ ಅದು ವಿಷ.